ಎದುರಿನಿಂದ ಕಂಡ ಎತ್ತು

ತಾನು ಬರೆದ, ಯಾರಿಗೂ ತಿಳಿಯದ ಚಿತ್ರ ಗೋಡೆಯ ಮೇಲೆ ಯಾಕೆ ಎಂದು ಉಮಾಶ್ರೀ ಅದನ್ನು ಮೊಳೆಯಿಂದ ಇಳಿಸಲು ಕೈಹಾಕಿದ್ದಳು. ಹಿಂದಿನಿಂದ ಯಮನಪ್ಪನ ದನಿ ಬಂತು. “ಯವ್ವಾ, ಎತ್ತು ಅದಲಬದಲ ಆಗ್ಯಾವಲ್ಲ!”

ಅವಳ ಕೈ ಅಲ್ಲೇ ನಿಂತಿತು. ರಾಮದುರ್ಗದ ಆ ಮಹಡಿ ಕೋಣೆಯ ಗ್ಯಾಲರಿಗೆ ಮೂರು ದಿನದಿಂದ ಬಂದವರೆಲ್ಲ ಇದು ಮೋಡವೋ ಬೆಂಕಿಯೋ ಎಂದು ಕೇಳಿ ಹೋಗಿದ್ದರು. ಕಾಣುತ್ತಿದ್ದದ್ದು ಬಣ್ಣದ ಎರಡು ರಾಶಿ, ಒಂದು ಬಿಳಿ, ಒಂದು ಕೆಂಪು. ಸಾಲಹಳ್ಳಿಯ ಅವಳ ಅಪ್ಪನ ಹೊಲದಲ್ಲಿ ಇಪ್ಪತ್ತು ವರ್ಷ ಎತ್ತು ಹೂಡಿ ಗಳೆ ಹೊಡೆದ ಯಮನಪ್ಪ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದು ನಿಂತಿದ್ದ.

“ಎತ್ತು ಅಂತ ಹೆಂಗ ಗೊತ್ತಾತು ಕಾಕಾ?”

“ನಮ್ಮ ಎತ್ತು ನನಗ ಗೊತ್ತಾಗೂದಿಲ್ಲೇನು? ಕೆಂದೆತ್ತು ಯಾವಾಗಲೂ ಬಲಕ್ಕ. ನೀ ಎಡಕ್ಕ ಹೂಡೀದಿ. ಹಿಂಗ ಹೂಡಿದ್ರ ಅವು ಒಂದು ಹೆಜ್ಜಿ ಮುಂದ ಇಡೂದಿಲ್ಲ.”

ಉಮಾಶ್ರೀ ನಕ್ಕಳು. “ನೀವು ಹಿಂದಿಂದ ನೋಡೀರಿ ಕಾಕಾ. ನಾ ಬುತ್ತಿ ತಗೊಂಡು ಎದುರಿಗೆ ಬರತಿದ್ದೆ.”

ಯಮನಪ್ಪ ಚಿತ್ರದ ಹತ್ತಿರ ಸರಿದು ಮೆಲ್ಲಗೆ ಕೇಳಿದ. “ಹಂಗಾದ್ರ ನಾ ಎಲ್ಲದೀನಿ?”

ಎರಡು ಬಣ್ಣಗಳ ನಡುವಿನ ತೆಳ್ಳನೆಯ ಕಪ್ಪು ಗೆರೆಯ ಮೇಲೆ ಅವಳು ಬೆರಳಿಟ್ಟಳು. ಗೆರೆಯ ತುದಿಗೆ ಒಂದು ಹಳದಿ ಚುಕ್ಕೆಯಿತ್ತು.

ಯಮನಪ್ಪ ತಲೆಯ ಮೇಲಿನ ಹಳದಿ ರುಮಾಲನ್ನು ಮುಟ್ಟಿ ನೋಡಿಕೊಂಡ. ಅದನ್ನು ಸರಿಮಾಡಿಕೊಂಡು, ನೆಟ್ಟಗೆ ನಿಂತ.