ಹೆಬ್ಬೆರಳು ಮುಚ್ಚಿದ ಮೂಲೆ

ಒಂದು ಕಪ್ ಚಹಾ ಆರುವುದರೊಳಗೆ ನಲವತ್ತು ಸಾವಿರ ಉತ್ತರಪತ್ರಿಕೆ ಓದಿ ಮುಗಿಸಿದೆನೆಂದು ಪ್ರೊಫೆಸರ್ ಹಾದಿಮನಿ ಸ್ಟಾಫ್ ರೂಮಿನಲ್ಲಿ ಹೇಳಿದರು. ಅಲ್ಪವಿರಾಮಗಳನ್ನೂ ಬಿಟ್ಟಿರಲಿಲ್ಲವಂತೆ.

ಆ ಕಾಲದಲ್ಲಿ ಕಾಗದ ಸುಳ್ಳು ಹೇಳುತ್ತಿರಲಿಲ್ಲ. ಮನುಷ್ಯರಿಗೆ ಅದನ್ನು ಬರೆಯಲು ಹಿಡಿದ ಹೊತ್ತು, ಓದಲು ಹಿಡಿದ ಹೊತ್ತು ಎರಡೂ ಮೂಲೆಯಲ್ಲಿ ತಾವಾಗಿಯೇ ಮೂಡುತ್ತಿದ್ದವು. ಯಂತ್ರದಿಂದ ಬರೆಸಿ ತಂದವರನ್ನು ಹಾದಿಮನಿಯವರು ಆ ಮೂಲೆ ನೋಡಿಯೇ ಹಿಡಿದು, ಮೂರು ಜಿಲ್ಲೆಗೆ ಕೇಳುವಂತೆ ಬೈಯುತ್ತಿದ್ದರು.

ಎರಡು ಅಂಕಕ್ಕೆ ಫೇಲಾಗಿ ಒಂದು ವರ್ಷ ಕಳೆದುಕೊಳ್ಳಲಿದ್ದ ಮಹಾನಂದಾ ಬಾಗಿಲಿಗೆ ಬಂದಳು.

"ನಾ ಎಲ್ಲಿ ತಪ್ಪೀನ್ರಿ ಸರ್?"

"ಉತ್ತರದಾಗ ಆಳ ಇಲ್ಲವ್ವ. ಮೂರು ಸಲ ಓದೀನಿ." ಮೂಲೆಯ ಮೇಲೆ ಹೆಬ್ಬೆರಳಿಟ್ಟು ಅವಳ ಪತ್ರಿಕೆ ಎತ್ತಿ ತೋರಿಸಿದರು.

"ಹೆಬ್ಬಟ್ಟು ತುಸು ಸರಿಸ್ರಿ ಸರ್."

ಬಂಡೆಗಲ್ಲು ಸರಿದಷ್ಟು ನಿಧಾನವಾಗಿ ಬೆರಳು ಸರಿಯಿತು. ಬರೆದದ್ದು ಮೂರು ಗಂಟೆ, ಓದಿದ್ದು ಸೊನ್ನೆ.

ಉಳಿದ ಮೇಷ್ಟ್ರುಗಳು ತಂತಮ್ಮ ಮುಂದಿದ್ದ ಪತ್ರಿಕೆಗಳನ್ನು ಮೆಲ್ಲಗೆ ಬೋರಲು ಹಾಕಿದರು.

"ಎಲ್ಲಾ ಯಂತ್ರಕ್ಕ ಹಾಕಿದ್ದೆ," ಎಂದರು ಹಾದಿಮನಿ. "ಕೂಡು, ಈಗ ನಾನ ಓದ್ತೀನಿ."

ಕನ್ನಡಕ ಒರೆಸಿ, ಮೊದಲ ಸಾಲು ಓದಿ, ತಲೆ ಎತ್ತಿದರು.

"ಅಂದಂಗ, ಪ್ರಶ್ನೆ ಏನಿತ್ತು?"

"ನೀವ ತೆಗೆದ ಪ್ರಶ್ನೆ ಅಲ್ಲೇನ್ರಿ ಸರ್?"

ಹಾದಿಮನಿಯವರ ದನಿ ಮೊದಲ ಸಲ ಮೇಜಿನಾಚೆಗೂ ಕೇಳಿಸಲಿಲ್ಲ.

"ಅದೂ ಯಂತ್ರದ್ದ. ಅದನ್ನೂ ನಾ ಓದಿಲ್ಲವ್ವ."