ಮೂವತ್ತು ಕಿಲೋ ಕಡಿಮೆ

ಮತ್ತೆ ಐದು ಕಿಲೋ ಇಳಿದಿತ್ತು.

ತೂಕದ ಕಟ್ಟೆಯ ಅಕ್ಕ ಕನ್ನಡಕ ಒರೆಸಿಕೊಂಡು ಗೋಡೆಯ ಫಲಕವನ್ನು ಇನ್ನೊಮ್ಮೆ ನೋಡಿದಳು. ಸಾವಿರದ ಎಂಟುನೂರ ತೊಂಬತ್ತೈದು. ಕೆಂಪು ಅಂಕಿಗಳು ಜಪ್ಪಯ್ಯ ಅಂದರೂ ಕದಲಲಿಲ್ಲ. ಎರಡು ನಿಮಿಷದ ಹಿಂದೆ ಇದರ ಜೋಡಿ ಕಾರು ಇದೇ ಕಟ್ಟೆ ಹತ್ತಿತ್ತು. ಅದು ಸಾವಿರದ ಒಂಬೈನೂರ ಇಪ್ಪತ್ತೈದು ತೂಗಿತ್ತು.

ಎರಡೂ ನದಿಯಾಚೆಯ ದೊಡ್ಡ ಹೋಟೆಲಿನ ಕಾರುಗಳು. ಕಪ್ಪು ಬಣ್ಣದ, ನೋಡಿದರೆ ಕಣ್ಣು ತಾಗುವಂಥ ಸೆಡಾನುಗಳು. ಪ್ರತಿ ಸೋಮವಾರ ಬೆಳಿಗ್ಗೆ ಅತಿಥಿಗಳಿಲ್ಲದೆ, ವಾಹನ ಸಾಗಿಸುವ ದೋಣಿ ಹತ್ತಿ ಆಚೆ ದಡಕ್ಕೆ ಹೋಗುತ್ತಿದ್ದವು. ದೋಣಿ ಹತ್ತುವ ಯಾವ ವಾಹನವಾದರೂ ಮೊದಲು ಅಕ್ಕನ ಕಟ್ಟೆಯ ಮೇಲೆ ನಿಲ್ಲಬೇಕು. ಇಂಜಿನ್ ಆರಿಸಿರಬೇಕು, ಹಾರ್ನ್ ಒತ್ತುವಂತಿಲ್ಲ, ಯಾರೂ ಇಳಿಯುವಂತಿಲ್ಲ, ಬೀಡಿ ಸಿಗರೇಟು ಕೂಡದು. ಆಚೆ ದಡದಲ್ಲಿ ಪೆಟ್ರೋಲ್ ಬಂಕ್ ಇಲ್ಲದ್ದರಿಂದ ಎರಡೂ ಟ್ಯಾಂಕ್ ತುಂಬಿಸಿಕೊಂಡೇ ಬರುತ್ತಿದ್ದವು. ವರ್ಷದ ಹಿಂದೆ ಎರಡರ ತೂಕವೂ ಒಂದೇ. ಈಗ ಒಂದು ಮಾತ್ರ ತಿಂಗಳು ತಿಂಗಳೂ ಸವೆಯುತ್ತಿತ್ತು.

ಆ ಒಂದನ್ನು ಓಡಿಸುತ್ತಿದ್ದವನು ಅವಳ ತಮ್ಮ.

ತಾಯಿಯಿಲ್ಲದ ಮಗುವನ್ನು ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಐದು ವರ್ಷದ ಹಿಂದೆ ಮೆಕ್ಯಾನಿಕ್ ಅಪ್ಪ ತೀರಿಕೊಂಡರು. ವಾರ ಕಳೆಯುವುದರೊಳಗೆ ಅವರ ಸ್ಪ್ಯಾನರುಗಳ ಪೆಟ್ಟಿಗೆ ಮನೆಯಿಂದ ಮಾಯವಾಯಿತು. ಕೇಳಿದರೆ, "ನಾನೇ ಮಾರಿದೆ" ಎಂದ ತಮ್ಮ. ಯಾಕೆ ಎಂದಿದ್ದಕ್ಕೆ, "ದುಡ್ಡು ಬೇಕಿತ್ತು" ಎಂದ.

"ಇನ್ಮೇಲೆ ನಿನ್ನ ಮುಖ ನೋಡಲ್ಲ" ಎಂದಳು ಅಕ್ಕ.

ಸಿಟ್ಟಿನಲ್ಲಿ ಎಲ್ಲರೂ ಆಡುವ ಮಾತು ಇದು, ಊಟದ ಹೊತ್ತಿಗೆ ಮರೆತುಹೋಗುವಂಥದ್ದು. ಅಕ್ಕ ಆಡಿದ್ದನ್ನು ಅಕ್ಷರಶಃ ನಡೆಸುವ ಹೆಂಗಸು. ತಮ್ಮನ ಕಾರು ಬಂತೆಂದರೆ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಗೋಡೆಯ ಅಂಕಿ ನೋಡಿ ಚೀಟಿ ಬರೆದು, ಕೈಯನ್ನು ಹಿಂದಕ್ಕೆ ಚಾಚಿ ಕಿಂಡಿಯಲ್ಲಿ ದಾಟಿಸುತ್ತಿದ್ದಳು. ಐದು ವರ್ಷ ಅವನನ್ನು ಅವಳು ಅಂಕಿಯಲ್ಲೇ ಕಂಡಿದ್ದಳು.

ಇವತ್ತು ಮಾತ್ರ ಬಾಯಿ ಬಿಟ್ಟಳು.

"ಕಾರು ಹಗುರ ಆಗ್ತಿದೆ."

"ಆಗುತ್ತೆ ಅಕ್ಕ" ಎಂದ ತಮ್ಮ, ಬೆನ್ನ ಹಿಂದಿನಿಂದ. "ಓಡಿದಷ್ಟೂ ಸವೆಯುತ್ತೆ."

"ಏನೇನು ಬಿಚ್ಚಿದೀಯ?"

"ನಾನೇನೂ ಬಿಚ್ಚಿಲ್ಲ. ಅದಾಗೇ ಹೋಗ್ತಿದೆ."

ಕಳ್ಳನಿಗೆ ಕೊಬ್ಬು ಬೇರೆ. ಸಿಟ್ಟಿನಲ್ಲಿ ದಾಟಿಸಹೋದ ಚೀಟಿ ಜಾರಿತು. ಹೆಕ್ಕಲು ಬಗ್ಗಿದಾಗ ಕಿಂಡಿಯಲ್ಲಿ ಅವನ ಕೈ ಕಂಡಿತು, ಮುಖವಲ್ಲ. ಸುಡುವ ಬಿಸಿಲಲ್ಲೂ ಕೋಟು ಹಾಕಿದ್ದ, ಅದರ ತೋಳು ಬೆರಳ ಗೆಣ್ಣಿನವರೆಗೆ ಇಳಿದಿತ್ತು. ಬೆರಳಲ್ಲಿ ದಾರ ಸುತ್ತಿ ನಿಲ್ಲಿಸಿದ ಉಂಗುರ. ಅವನ ಉಂಗುರ ಸೋಪು ಹಚ್ಚಿದರೂ ಬರುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ತನ್ನದನ್ನು ಮಾರಿ ಯಾರದ್ದನ್ನೋ ಹೊಡೆದಿದ್ದಾನೆ ಎಂದುಕೊಂಡಳು. ಆದರೂ ತಕ್ಷಣ ದೂರು ಕೊಡಲು ಮನಸ್ಸು ಬರಲಿಲ್ಲ. ಎಷ್ಟಾದರೂ ಎತ್ತಿ ಆಡಿಸಿದ ಮಗು.

ಮಧ್ಯಾಹ್ನ ವಾಪಸು ಬಂದ ಇನ್ನೊಂದು ಕಾರಿನ ಡ್ರೈವರನ್ನು ತಡೆದು ಕೇಳಿದಳು. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

"ನೀವೊಂದ್ಸಲ ತಿರುಗಿ ನೋಡಿದ್ರೆ ನಿಮಗೇ ಗೊತ್ತಾಗುತ್ತೆ ಅಕ್ಕ" ಎಂದ ಮೀಸೆ. "ನಾನು ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾನೆ."

"ಅಂಕಿ ನೋಡಿ ನೋಡಿ ಸಾಕಾಗಿದೆ" ಎಂದು ಅಕ್ಕ ಫೋನ್ ಎತ್ತಿಕೊಂಡಳು. ತನ್ನ ಕಟ್ಟೆಯಲ್ಲಿ ಕಳ್ಳತನ ನಡೆಯುತ್ತಿರುವಾಗ ರಕ್ತಸಂಬಂಧ ಅಂತ ಸುಮ್ಮನಿರುವುದು ಅವಳಿಂದಾಗಲಿಲ್ಲ. ಹೋಟೆಲಿಗೆ ದೂರು ಕೊಟ್ಟು ಫೋನಿಟ್ಟ ಮೇಲೆ ಬಹಳ ಹೊತ್ತು ಅತ್ತಳು.

ಮುಂದಿನ ಸೋಮವಾರ ಮ್ಯಾನೇಜರ್ ಬಂದರು. ಕೆಲಸಕ್ಕೆ ಸೇರಿ ವಾರವೂ ಆಗಿರದ ಮನುಷ್ಯ, ಡ್ರೈವರುಗಳ ಪರಿಚಯವೂ ಇನ್ನೂ ಆಗಿರಲಿಲ್ಲ. ಅಕ್ಕನ ಕೋಣೆಯೊಳಗೆ ನಿಂತು ಎರಡೂ ಚೀಟಿ ಹಿಡಿದು ನೋಡಿದರು. ಎರಡರ ನಡುವೆ ಅದೇ ಮೂವತ್ತು ಕಿಲೋ.

"ಇಂಥ ಕಾರುಗಳ ತೂಕದಲ್ಲಿ ವ್ಯತ್ಯಾಸ ಇರುತ್ತಮ್ಮಾ" ಎಂದರು. "ಕೆಲವಕ್ಕೆ ಬಾಗಿಲು, ಬಾನೆಟ್ಟು ಅಲ್ಯೂಮಿನಿಯಂ. ಕೆಲವಕ್ಕೆ ಸ್ಟೆಪ್ನಿನೇ ಕೊಡಲ್ಲ. ಸದ್ದು ಒಳಗೆ ಬರದ ಹಾಗೆ ಹಾಕೋ ಹಾಸು ಕಿತ್ರೂ ಹಗುರ ಆಗುತ್ತೆ. ಆದ್ರೆ ಇವೆರಡೂ ಒಂದೇ ದಿನ ಬಂದ ಅವಳಿಜವಳಿ. ಏನಾದ್ರೂ ಸಿಕ್ತು ಅಂದ್ರೆ ಇವತ್ತೇ ಅವನನ್ನ ಮನೆಗೆ ಕಳಿಸ್ತೀನಿ."

ತಮ್ಮನ ಕಾರು ಕಟ್ಟೆಯಿಂದ ಇಳಿಯಿತು. ಡ್ರೈವರುಗಳಿಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಡಿಕ್ಕಿ ತೆಗೆಯುವ, ಬಾನೆಟ್ ಎತ್ತುವ, ಹಾಸು ಸರಿಸುವ ಸದ್ದನ್ನು ಅಕ್ಕ ಗೋಡೆ ನೋಡುತ್ತಲೇ ಕೇಳಿಸಿಕೊಂಡಳು. ಏನೂ ಸಿಗದಿರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ದೂರು ಕೊಟ್ಟವಳೂ ತಾನೇ ಎಂಬುದು ನೆನಪಾಗಿ ನಾಚಿಕೆಯಾಯಿತು.

ಅರ್ಧ ಗಂಟೆಯ ಮೇಲೆ ಮ್ಯಾನೇಜರ್ ಕಿಂಡಿಗೆ ಬಂದರು. "ಸ್ಟೆಪ್ನಿ ಇದೆ, ಜ್ಯಾಕ್ ಇದೆ, ಬ್ಯಾಟರಿ ಇದೆ. ಸೀಟು ಮಾತ್ರ ಸ್ಟೇರಿಂಗಿಗೆ ಅಂಟೋ ಹಾಗೆ ಮುಂದೆ ಎಳ್ಕೊಂಡಿದಾನೆ, ಬೆನ್ನಿಗೆರಡು ದಿಂಬು. ನಿಮ್ಮ ಯಂತ್ರನೇ ಕೆಟ್ಟಿರಬೇಕು. ಬರೀ ಕಾರು ನಿಲ್ಲಿಸ್ತೀನಿ, ತೂಗಿ ನೋಡೋಣ."

ಬರೀ ಕಾರನ್ನು ಆ ಕಟ್ಟೆ ಯಾವತ್ತೂ ತೂಗಿರಲಿಲ್ಲ.

ಮ್ಯಾನೇಜರ್ ಮೀಸೆಯ ಕಾರನ್ನು ಹತ್ತಿಸಿ ನಿಲ್ಲಿಸಿ, ಇಳಿದು ದೂರ ಸರಿದರು. ಸಾವಿರದ ಎಂಟುನೂರ ಐವತ್ತು. ಅದನ್ನು ಇಳಿಸಿ ತಮ್ಮನ ಕಾರನ್ನು ತಂದು ನಿಲ್ಲಿಸಿದರು, ಇಳಿದರು. ಅಂಕಿಗಳು ಸ್ವಲ್ಪ ಹೊಯ್ದಾಡಿ ನಿಂತವು.

ಸಾವಿರದ ಎಂಟುನೂರ ಐವತ್ತು.

ಅಕ್ಕ ಚೀಟಿಯ ಮೂಲೆಯಲ್ಲಿ ಕಳೆದಳು, ಮತ್ತೊಮ್ಮೆ ಕಳೆದಳು. ಪೆನ್ನು ಅಲ್ಲೇ ಬಿತ್ತು. ಐದು ವರ್ಷದ ಮೇಲೆ ಕಿಟಕಿಯತ್ತ ತಿರುಗಿದಳು.

ಬೆಂಚಿನ ಮೇಲೆ ಮೀಸೆಯ ಹೆಗಲಿಗೆ ಒರಗಿ, ಅಳತೆ ಮೀರಿದ ಕೋಟಿನೊಳಗೆ, ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಬರೀ ನಲವತ್ತೈದು ಕಿಲೋ ಉಳಿದಿದ್ದ.