ಎರಡನೇ ದಾರಿಪಟ್ಟಿ

ಮದುವೆಯ ದಿನ ಹೆಣ್ಣುಮಕ್ಕಳ ಕಿವಿಯ ಹಿಂದೆ ಮನಸ್ಸಿನ ಮಾತು ಸಾಗಿಸುವ ಸರ್ವರ್‌ಗೆ ಎರಡನೇ ಲೈನ್ ಜೋಡಿಸುತ್ತಾರೆ. ಒಂದು ತವರಿಗೆ, ಇನ್ನೊಂದು ಗಂಡನ ಮನೆಗೆ. ಯಾವ ಮಾತು ಯಾವ ಲೈನಿಗೆ ಎಂದು ಹೇಳುವ ದಾರಿಪಟ್ಟಿ ಎರಡಕ್ಕೂ ಬೇರೆ ಬೇರೆ ಇರುತ್ತದೆ. ಅಮ್ಮ ಮನಸ್ಸಿನಲ್ಲಿ ಕೇಳಿದ್ದಕ್ಕೆ ಉತ್ತರ ಅಮ್ಮನ ಲೈನಿನಲ್ಲೇ ಹೋಗುತ್ತದೆ. ಯಾರ ಹೆಸರನ್ನೂ ಸೇರಿಸದೆ ಅಂದುಕೊಂಡಿದ್ದೆಲ್ಲ ಗಂಡನ ಮನೆಗೆ. ಹೊಸತರಲ್ಲಿ ನಾನು ಅಮ್ಮನ ಹೆಸರು ಸೇರಿಸಲು ಮರೆತು, ‘ಇವರ ಸಾರು ಬರೀ ನೀರು’ ಎಂದುಕೊಂಡಿದ್ದೆ. ಮರುದಿನ ಅತ್ತೆ ನೀಲವ್ವ ಬಡಿಸಿದ ಸಾರಿನ ಖಾರಕ್ಕೆ ನನ್ನ ಕಣ್ಣುಮೂಗು ಸೋರಿದವು.

ನನ್ನ ಗಂಡ ಮಹಾಂತೇಶ ತೀರಿಕೊಂಡು ಮೂರು ತಿಂಗಳಾದ ಮೇಲೆ ಲೈನ್‌ಮನ್ ಬಸಣ್ಣ ಬಂದ.

“ಎರಡನೇ ಪಟ್ಟಿ ಅಳಸೂದು ರೂಢಿ ಐತ್ರಿ, ಅವ್ವಾರ. ಇನ್ನ ಎಲ್ಲಾ ತವರಿಗೇ ಹೋಗ್ತಾವು.”

“ಅಳಿಸಿದ್ರ ನನ್ನ ಬೈಯೋರು ಯಾರೋ?” ಎಂದರು ಅತ್ತೆ.

“ಲೈನ್ ಅವರದ್ರಿ. ಅಳಸೂದು ಬ್ಯಾಡ ಅಂತ ಅವರೇ ಅನ್ನಬೇಕು.”

ಇಬ್ಬರೂ ನನ್ನತ್ತ ನೋಡಿದರು. ಬಂದುಬಿಡು ಎಂದು ಅಮ್ಮ ದಿನವೂ ಕರೆಯುತ್ತಿದ್ದಳು. ಅವಳಿಗೂ ನಾನು ಉತ್ತರಿಸಿರಲಿಲ್ಲ. ಮಹಾಂತೇಶ ಹೋದಾಗಿನಿಂದ ನನಗೆ ಮಾತೇ ಹುಟ್ಟುತ್ತಿರಲಿಲ್ಲ. ಬಸಣ್ಣ ಚೀಲ ಬಿಚ್ಚಿ, ಸಲಕರಣೆ ಹಿಡಿದು ನನ್ನ ಕಿವಿಯ ಹತ್ತಿರ ಬಗ್ಗಿದ. ನಾನು ಬಾಯಿ ತೆರೆಯಲಿಲ್ಲ.

ಅತ್ತೆ ತಟ್ಟನೆ ಎದ್ದು ಅವನ ಕೈ ಹಿಡಿದರು.

“ಚೀಲಾ ಕಟ್ಟೋ ಬಸಣ್ಣ. ಬ್ಯಾಡ ಅಂದ್ಲು.”

“ಯಾವಾಗ್ರಿ? ನನಗ ಕೇಳಿಸಲೇ ಇಲ್ಲ!”

“ನಿನಗ್ಯಾಕ ಕೇಳಸ್ತೈತಿ? ನಿನ್ನ ಮನಿ ಸೊಸಿಯೇನ ಆಕಿ?” ಎಂದು ಅತ್ತೆ ನನ್ನ ಕೂದಲನ್ನು ಎಳೆದು ಕಿವಿ ಮುಚ್ಚಿದರು.